ಎದೆಗೆ ಕಟ್ಟಿದ ಪಟ್ಟಿಯಲ್ಲಿ ಉಸಿರಿನ ಚಿತ್ರ

(ದೃಶ್ಯ: ಒಣ ಹೊಲ. ನೆಲಕ್ಕೆ ಹೊಡೆದ ನಾಲ್ಕು ಸರಳು, ವೈರು, ಪಕ್ಕದಲ್ಲಿ ಮೀಟರ್.)

ಬೋರ್‌ವೆಲ್ ಕೊರೆಸೋ ಮುಂಚೆ ಪಾಯಿಂಟ್ ನೋಡಿಸ್ತೀವಲ್ಲ, ಅಲ್ಲಿಂದ ಶುರು ಮಾಡೋಣ. ತೆಂಗಿನಕಾಯಿ ಹಿಡ್ಕೊಂಡು ಹೊಲ ಸುತ್ತೋರ ಮಾತು ಬಿಡಿ, ಮೀಟರ್ ತರೋ ಜಿಯಾಲಜಿಸ್ಟ್ ವಿಷಯ ಹೇಳ್ತಿದೀನಿ. ಹೊರಗಿನ ಎರಡು ಸರಳಿಗೆ ಕರೆಂಟ್ ಬಿಡ್ತಾರೆ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೀತಾರೆ. ನೀರು ತುಂಬಿದ ಬಿರುಕಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತೆ, ಗಟ್ಟಿ ಬಂಡೆ ತಡೆಯುತ್ತೆ. ಅಷ್ಟರಲ್ಲೇ ಕೆಳಗೇನಿದೆ ಅಂತ ಒಂದು ಅಂದಾಜು ಸಿಗುತ್ತೆ.

ಇದನ್ನೇ ಮನುಷ್ಯನ ಎದೆ ಮೇಲೆ ಮಾಡೋದಕ್ಕೆ ಎಲೆಕ್ಟ್ರಿಕಲ್ ಇಂಪೀಡೆನ್ಸ್ ಟೊಮೋಗ್ರಫಿ ಅಂತಾರೆ. ಚಿಕ್ಕದಾಗಿ ಇಐಟಿ.

ಹೊಲಕ್ಕೂ ಎದೆಗೂ ನಾನು ಸುಮ್ನೆ ಗಂಟು ಹಾಕ್ತಿಲ್ಲ. ಅರ್ಜೆಂಟೀನಾದ ಆಲ್ಬೆರ್ಟೊ ಕಾಲ್ಡೆರೋನ್ 1940ರ ದಶಕದಲ್ಲಿ ಅಲ್ಲಿನ ಸರ್ಕಾರಿ ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ರು. ಮೇಲ್ಮೈಯಲ್ಲಿ ಅಳೆದ ವೋಲ್ಟೇಜಿಂದ ಒಳಗಿನದನ್ನೆಲ್ಲ ಲೆಕ್ಕ ಹಾಕಬಹುದಾ ಅನ್ನೋ ಪ್ರಶ್ನೆ ಅವರಿಗೆ ಬಂದಿದ್ದು ಅಲ್ಲೇ. ಆಮೇಲೆ ದೊಡ್ಡ ಗಣಿತಜ್ಞರಾದ್ರು. ಆ ಪ್ರಶ್ನೆಯನ್ನ ಪ್ರಕಟಿಸಿದ್ದು ಮಾತ್ರ 1980ರಲ್ಲಿ! ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬ್ರಯಾನ್ ಬ್ರೌನ್, ಡೇವಿಡ್ ಬಾರ್ಬರ್ ರೋಗಿಗಳಿಗೆ ಕಟ್ಟೋ ಯಂತ್ರ ತಯಾರು ಮಾಡ್ತಿದ್ರು.

(ದೃಶ್ಯ: ಎದೆ ಸುತ್ತ ಪಟ್ಟಿ, ಅದರಲ್ಲಿ 16 ಎಲೆಕ್ಟ್ರೋಡ್. 1 ಮತ್ತು 2 ಹೊಳೆಯುತ್ತವೆ.)

ಹೊಲದ ಸರಳಿನ ಬದಲು ಇಲ್ಲಿ ಚರ್ಮಕ್ಕೆ ತಾಗೋ ಎಲೆಕ್ಟ್ರೋಡ್. 1 ಮತ್ತು 2ರ ನಡುವೆ ಕರೆಂಟ್ ಬಿಡಿ. ಉಳಿದವನ್ನ ಅಕ್ಕಪಕ್ಕದ ಜೋಡಿ ಮಾಡ್ಕೊಂಡು ಹೋದ್ರೆ 13 ವೋಲ್ಟೇಜ್ ಸಿಗುತ್ತೆ. ಆಮೇಲೆ 2-3ಕ್ಕೆ, 3-4ಕ್ಕೆ. ಒಂದು ಸುತ್ತು ಮುಗಿಯೋಷ್ಟರಲ್ಲಿ 208 ಅಳತೆ. ಕರೆಂಟ್ ಬಿಡೋ ಜೋಡಿ, ಅಳೆಯೋ ಜೋಡಿ ಅದಲುಬದಲಾದ್ರೂ ಉತ್ತರ ಒಂದೇ, ಹಾಗಾಗಿ ನಿಜವಾಗಿ ಕೈಗೆ ಬರೋದು 104. ಇಡೀ ಚಿತ್ರ ಆ 104 ಸಂಖ್ಯೆಯಿಂದಲೇ ಆಗಬೇಕು!

ಶಾಕ್ ಹೊಡೆಯಲ್ವಾ? ಇಲ್ಲ. ಬಿಡೋದು ಕೆಲವೇ ಮಿಲಿಆಂಪ್. ಮನೆ ಕರೆಂಟ್ 50 ಹರ್ಟ್ಸ್ ಆದ್ರೆ, ಶೆಫೀಲ್ಡಿನ ಮೊದಲ ಯಂತ್ರದ್ದು 50 ಕಿಲೋಹರ್ಟ್ಸ್. ಆ ವೇಗಕ್ಕೆ ಇಷ್ಟು ಸಣ್ಣ ಕರೆಂಟ್ ನರಗಳನ್ನ ಕೆಣಕಲ್ಲ.

ರಕ್ತದಲ್ಲಿ ಉಪ್ಪಿನಂಶ ಇದೆ, ಕರೆಂಟ್ ಹರಿಯುತ್ತೆ. ಗಾಳಿಯಲ್ಲಿ ಹರಿಯಲ್ಲ. ಉಸಿರು ಎಳೆದಾಗ ಶ್ವಾಸಕೋಶದ ತಡೆ ಏರುತ್ತೆ, ಬಿಟ್ಟಾಗ ಇಳಿಯುತ್ತೆ. ಪರದೆ ಮೇಲೆ ಕಾಣೋದು ಆ ಏರಿಳಿತ.

ಆದ್ರೆ ಚಿತ್ರ ಮಸುಕು, ಮುಚ್ಚಿಟ್ಟು ಪ್ರಯೋಜನ ಇಲ್ಲ. ಎಕ್ಸ್-ರೇ ಥರ ಕರೆಂಟ್ ನೆಟ್ಟಗೆ ಹೋಗಲ್ಲ, ಸಿಕ್ಕ ದಾರಿಯಲ್ಲೆಲ್ಲ ಹರಡಿಕೊಳ್ಳುತ್ತೆ. ಎದೆಯ ನಡುವೆ ಏನಾದ್ರೂ ಬದಲಾದ್ರೆ ಚರ್ಮದ ಮೇಲೆ ಅದರ ಗುರುತು ಕೂದಲೆಳೆಯಷ್ಟು. ಹಾಗಾಗಿ ಸಣ್ಣ ಗಡ್ಡೆ ಹುಡುಕೋಕೆ ಇದನ್ನ ನಂಬಬೇಡಿ, ಅದಕ್ಕೆ ಸಿಟಿ ಸ್ಕ್ಯಾನೇ ಸರಿ.

(ದೃಶ್ಯ: ಐಸಿಯು. ವೆಂಟಿಲೇಟರ್‌ನಲ್ಲಿರುವ ರೋಗಿ.)

ಇದರ ಜಾಗ ಇಲ್ಲಿ. ಶ್ವಾಸಕೋಶ ತೀವ್ರವಾಗಿ ಕೆಟ್ಟ ರೋಗಿ, ಅಂಗಾತ ಮಲಗಿದ್ದಾರೆ. ಬೆನ್ನಿನ ಕಡೆಯ ಭಾಗ ಭಾರಕ್ಕೆ ಅಮುಕಿ ಮುಚ್ಚಿಹೋಗಿದೆ, ಗಾಳಿಯೆಲ್ಲ ಮುಂಭಾಗಕ್ಕೇ ನುಗ್ಗುತ್ತೆ. ವೆಂಟಿಲೇಟರ್ ಒಟ್ಟು ಎಷ್ಟು ಗಾಳಿ ಹೋಯ್ತು ಅಂತ ಹೇಳುತ್ತೆ, ಎಲ್ಲಿಗೆ ಹೋಯ್ತು ಅಂತ ಹೇಳಲ್ಲ. ಸಿಟಿ ಸ್ಕ್ಯಾನ್‌ಗೆ ಒಯ್ಯೋಣ ಅಂದ್ರೆ ಟ್ಯೂಬು, ಡ್ರಿಪ್ಪು ಎಲ್ಲ ಸಮೇತ ಲಿಫ್ಟಲ್ಲಿ ಸಾಗಿಸಬೇಕು. ಅಷ್ಟು ಮಾಡಿದ್ರೂ ಸಿಗೋದು ಆ ಒಂದು ಗಳಿಗೆಯ ಚಿತ್ರ.

ಇಐಟಿ ಪಟ್ಟಿ ಮಂಚದಲ್ಲೇ, ವಿಕಿರಣ ಇಲ್ದೆ, ಸೆಕೆಂಡಿಗೆ 50ರವರೆಗೂ ಚಿತ್ರ ಕೊಡುತ್ತೆ. ಉಸಿರು ಬಿಟ್ಟ ಮೇಲೂ ಒಳಗೆ ಉಳಿಸೋ ಒತ್ತಡ ಇದೆಯಲ್ಲ, ಐಸಿಯುನಲ್ಲಿ ಪೀಪ್ ಅಂತಾರೆ, ಅದನ್ನ ಡಾಕ್ಟರ್ ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ತಾ ಪರದೆ ನೋಡ್ತಾರೆ. ಒತ್ತಡ ಜಾಸ್ತಿ ಇದ್ದಾಗ ಮುಂಭಾಗ ವಿಪರೀತ ಉಬ್ಬಿ ಅಲ್ಲಿ ಏರಿಳಿತ ಕಮ್ಮಿ. ತೀರಾ ಇಳಿಸಿದ್ರೆ ಬೆನ್ನಿನ ಕಡೆ ಮತ್ತೆ ಮುಚ್ಚಿಹೋಗಿ ಪರದೆಯಲ್ಲಿ ಆ ಭಾಗ ಕತ್ತಲು. ಎರಡರ ಮಧ್ಯೆ ಒಂದು ಮಟ್ಟ ಹುಡುಕಬೇಕು.

(ದೃಶ್ಯ: ಪಟ್ಟಿ ಸರಿಪಡಿಸುವ ನರ್ಸ್ ಕೈಗಳು.)

ಪೇಸ್‌ಮೇಕರ್ ಇದ್ದವರಿಗೆ ಸಾಮಾನ್ಯವಾಗಿ ಇದನ್ನ ಕಟ್ಟಲ್ಲ. ಪಟ್ಟಿ ಇರಬೇಕಾದ್ದು ನಾಲ್ಕು-ಐದನೇ ಪಕ್ಕೆಲುಬಿನ ಸಂದಿಯ ಮಟ್ಟದಲ್ಲಿ. ಹೊಟ್ಟೆ ಕಡೆ ಜಾರಿದ್ರೆ ಎದೆ-ಹೊಟ್ಟೆ ನಡುವಿನ ವಪೆಯ ಚಲನೆಯೂ ಸೇರಿಕೊಂಡು ಚಿತ್ರ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಪರದೆಯಲ್ಲಿ ಏನಾದ್ರೂ ವಿಚಿತ್ರ ಕಂಡ್ರೆ, ವೆಂಟಿಲೇಟರ್ ಮುಟ್ಟೋ ಮುಂಚೆ ಹೊದಿಕೆ ಸರಿಸಿ ಪಟ್ಟಿ ಎಲ್ಲಿದೆ ಅಂತ ಒಮ್ಮೆ ನೋಡಿಬಿಡ್ಬೇಕು.