ಹುಟ್ಟಿಗೊಂದು ಹಗ್ಗ

ಕೇಳುಗರಿಗೆ ನಮಸ್ಕಾರ.

ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನ ಕಡೆ, ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ತೆರೆಯ ಮೇಲೆ ಜಾರುತ್ತಾ ದಡಕ್ಕೆ ಬರುವುದು ನನ್ನ ಹವ್ಯಾಸ. ಸರ್ಫಿಂಗ್ ಎಂದೊಡನೆ ಹಲಗೆಯ ಮೇಲೆ ನಿಂತವರು ನೆನಪಾಗುತ್ತಾರೆ. ನಾವು ಕುಳಿತೇ ಆಡುವವರು. ನಮ್ಮ ಕೈಯಲ್ಲಿ ಎರಡೂ ತುದಿಗೆ ಅಲಗಿರುವ, ಸುಮಾರು 2 ಮೀಟರ್ ಉದ್ದದ ಹುಟ್ಟು ಇರುತ್ತದೆ. ಅದು ಕೈಜಾರಿತೋ, ದೋಣಿ ತೆರೆಗೆ ಅಡ್ಡ ತಿರುಗಿ ಮಗುಚಿದಂತೆಯೇ.

ಹಾಗಾದರೆ ಹುಟ್ಟನ್ನು ದೋಣಿಗೆ ಕಟ್ಟಿಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ. ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಒಂದು ಮಾರಿನಷ್ಟು ಕತ್ತರಿಸಿ, ಎರಡೂ ಕಡೆ ಬಿಗಿಯಾಗಿ ಗಂಟು ಹಾಕಿದೆ. ಮೂರನೆಯದೋ ನಾಲ್ಕನೆಯದೋ ತೆರೆಗೆ ದೋಣಿ ಮಗುಚಿತು. ಸಡಿಲವಾಗಿ ತೇಲುತ್ತಿದ್ದ ಹಗ್ಗ ಮುಂಗೈಗೆ ಎರಡು ಸುತ್ತು ಬಂತು. ದೋಣಿ ದಡಕ್ಕೆ ಓಡಿತು, ಅದರ ಹಿಂದೆ ಕೈ, ಕೈಯ ಹಿಂದೆ ನಾನು. ನೀರು ಸೊಂಟದ ಮಟ್ಟಕ್ಕಿದ್ದುದರಿಂದ ಬದುಕಿದೆ. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋ. ಅಂಥ ನೀರು ದೋಣಿಯನ್ನು ನೂಕುವಾಗ ಬಿಗಿದ ಗಂಟನ್ನು ಬೆರಳಿನಿಂದ ಬಿಚ್ಚುವ ಮಾತೇ ಇಲ್ಲ.

ಆಮೇಲೆ ನನಗೆ ನೆನಪಾದದ್ದು ಅಜ್ಜಿಯ ಹಟ್ಟಿ. ಕರುವನ್ನು ಗೂಟಕ್ಕೆ ಕಟ್ಟುವಾಗ ಅವರು ಹಗ್ಗದ ತುದಿಯನ್ನು ಪೂರ್ತಿ ತೂರಿಸುತ್ತಿರಲಿಲ್ಲ; ಮಡಚಿ ತೂರಿಸುತ್ತಿದ್ದರು. ಕರು ಹಗ್ಗ ಸುತ್ತಿಕೊಂಡು ಬಿದ್ದರೆ ತುದಿಯನ್ನೊಮ್ಮೆ ಜಗ್ಗಿದರೆ ಸಾಕು, ಗಂಟು ಕಳಚುತ್ತಿತ್ತು. ಈಗ ನನ್ನ ಹಗ್ಗವನ್ನು ದೋಣಿಗೆ ಕಟ್ಟುವುದು ಅದೇ ಗಂಟಿನಿಂದ. ಎಳೆಯುವ ತುದಿಗೆ ದೊಡ್ಡದೊಂದು ಮರದ ಮಣಿ ಪೋಣಿಸಿದ್ದೇನೆ. ನೀರಿನೊಳಗೆ ಕಣ್ಣು ಕಾಣದಿದ್ದರೂ ಕೈಗೆ ಮಣಿ ಸಿಗುತ್ತದೆ.

ಹಗ್ಗಕ್ಕೆ ಬರಿಯ ರಬ್ಬರ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನಲ್ಲಿ ಚಳಿನೀರಿನ ಉಡುಪು ತಯಾರಿಸಿ ಹೆಸರಾದ ಜಾಕ್ ಓನೀಲ್ ಅವರ ಮಗ ಪ್ಯಾಟ್, 1970ರ ದಶಕದ ಆರಂಭದಲ್ಲಿ ಆಸ್ಪತ್ರೆಯ ರಬ್ಬರ್ ನಳಿಕೆಯಿಂದ ಸರ್ಫ್ ಹಲಗೆಗೆ ಹಗ್ಗ ಮಾಡಿದ್ದರು. ಅಂಥ ಹಗ್ಗ ಹಿಗ್ಗಿ, ಹಲಗೆಯನ್ನು ಚಾಟಿಬಿಲ್ಲಿನ ಕಲ್ಲಿನಂತೆ ಹಿಂದಕ್ಕೆ ಎಸೆದು ಜಾಕ್ ಅವರ ಎಡಗಣ್ಣು ಹೋಯಿತು. ಅವರ ಚಿತ್ರಗಳಲ್ಲಿ ಕಾಣುವ ಕಪ್ಪು ಕಣ್ಣುಪಟ್ಟಿಯ ಕಥೆ ಇದು.

ಆದ್ದರಿಂದ ನಾನು ಒಂದು ಇಂಚು ಅಗಲದ ಟೊಳ್ಳು ನೈಲಾನ್ ಪಟ್ಟಿ ತೆಗೆದುಕೊಂಡು, ಪಾಯಿಜಾಮಕ್ಕೆ ಲಾಡಿ ಏರಿಸುವಂತೆ ಅದರೊಳಗೆ 5 ಮಿಲಿಮೀಟರ್ ದಪ್ಪದ ಎಲಾಸ್ಟಿಕ್ ಹುರಿ ತೂರಿಸುತ್ತೇನೆ. ಹುರಿ ಪಟ್ಟಿಗಿಂತ ಗಿಡ್ಡ. ಸುಮ್ಮನಿದ್ದಾಗ ಪಟ್ಟಿ ನೆರಿಗೆ ನೆರಿಗೆಯಾಗಿ ಮುದುಡಿರುತ್ತದೆ, ಜೋಲುವುದಿಲ್ಲ. ಎಳೆದಾಗ ಪಟ್ಟಿ ನೆಟ್ಟಗಾದೊಡನೆ ಹಿಗ್ಗುವುದು ನಿಲ್ಲುತ್ತದೆ. ಹುರಿ ಒಳಗೇ ತುಂಡಾದರೂ ಮುಖಕ್ಕೆ ಬಡಿಯುವುದಿಲ್ಲ. ಉದ್ದದ ಲೆಕ್ಕ ನಿಮ್ಮ ಮೈಯದೇ: ದೋಣಿಯಲ್ಲಿ ಕುಳಿತು ಹುಟ್ಟನ್ನು ಎರಡೂ ಬದಿಗೆ ಪೂರ್ತಿ ಚಾಚಲು ಬರಬೇಕು, ಮುದುಡಿದ ಹಗ್ಗ ಕುತ್ತಿಗೆಗೆ ಸುತ್ತು ಬರುವಷ್ಟು ಇರಬಾರದು.

ಹುಟ್ಟಿನ ದಂಡ ಒದ್ದೆಯಾದರೆ ಹಗ್ಗ ಜಾರುತ್ತದೆ. ಅಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಸಣ್ಣ ಹುರಿಯ ಕುಣಿಕೆಯನ್ನು ಮೂರು ಸುತ್ತು ಹಾಕಿದರೆ ಕಚ್ಚಿ ಕೂರುತ್ತದೆ. ಪರ್ವತಾರೋಹಿಗಳು ಪ್ರೂಸಿಕ್ ಗಂಟು ಎನ್ನುವುದು ಇದನ್ನೇ. ಲೋಹದ ಕೊಕ್ಕೆ ಮಾತ್ರ ಬೇಡ. ಅದು ಬೇರೆ ಹಗ್ಗಕ್ಕೂ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ.

ಮಣಿ ಕೈಗೆ ಸಿಗದಿದ್ದರೆ? ಪಟ್ಟಿಯನ್ನೂ ದೋಣಿಯ ಕಡೆಯ ಗಂಟಿನ ಹಗ್ಗವನ್ನೂ ನಾನು ಸೇರಿಸುವುದು ಹತ್ತಿ ನೂಲಿನ ಕೆಲವು ಎಳೆಗಳಿಂದ ಮಾತ್ರ. ಬೇಕೆಂದೇ ಇಟ್ಟ ದುರ್ಬಲ ಕೊಂಡಿ ಅದು. ಮನೆಯ ತೊಲೆಗೆ ತೂಗುಹಾಕಿ ನೋಡುತ್ತೇನೆ: 5 ಲೀಟರ್ ನೀರಿನ ಡಬ್ಬಿಯನ್ನು ತಡೆಯಬೇಕು, 20 ಲೀಟರಿನ ಕ್ಯಾನಿಗೆ ತುಂಡಾಗಬೇಕು. ನೂಲನ್ನು ನೆನೆಸಿಯೇ ತೂಗಬೇಕು. ಒದ್ದೆಯಾದರೆ ನೈಲಾನ್ ತುಸು ಬಲ ಕಳೆದುಕೊಳ್ಳುತ್ತದೆ, ಹತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ. ಇದು ಗೊತ್ತಿಲ್ಲದೆ ಒಣ ನೂಲನ್ನು ತೂಗಿ ನಾನು ಒಂದು ಋತುವಿಡೀ ನೆಮ್ಮದಿಯಾಗಿದ್ದೆ!

ಸೊಂಟಕ್ಕೆ ನೀರುತಡೆಯ ಹೊದಿಕೆ ಬಿಗಿಯುವ ಮುಚ್ಚುದೋಣಿಯವರು ಇನ್ನೊಂದನ್ನು ನೋಡಿಕೊಳ್ಳಬೇಕು. ಹೊದಿಕೆ ಬಿಚ್ಚಲು ಮುಂದೆ ಇರುವ ಕುಣಿಕೆಯ ಮೇಲೆ ಈ ಹಗ್ಗ ಹಾದುಹೋಗಲೇಬಾರದು. ಹೊಸ ಹಗ್ಗದೊಂದಿಗೆ ನೇರ ಕಡಲಿಗಿಳಿಯಲೂಬೇಡಿ. ನಾನು ಮೊದಲು ಶಾಂಭವಿಯ ನಿಂತ ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಕಣ್ಣುಮುಚ್ಚಿ ಮಣಿ ಹುಡುಕುತ್ತೇನೆ. ಮೊಂಡು ತುದಿಯ ಚಾಕು ಜೀವರಕ್ಷಕ ಅಂಗಿಯ ಮೇಲೆ ಇದ್ದೇ ಇರುತ್ತದೆ.

ತೆರೆ ತಲೆಯೆತ್ತರ ಮೀರಿದ ದಿನ ಈ ಹಗ್ಗ ಚೀಲದಲ್ಲೇ ಉಳಿಯುತ್ತದೆ. ಅಂಥ ನೀರಿನಲ್ಲಿ ಯಾವ ಹಗ್ಗವನ್ನೂ ನಾನು ನಂಬುವುದಿಲ್ಲ. ಕಳೆದ ಬಾರಿ ಹಾಗೆ ಹೋದ ಹುಟ್ಟು ಮರುದಿನ ಮೀನುಗಾರರು ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಗೆ ಸಿಕ್ಕಿತ್ತು. ತಂದುಕೊಟ್ಟವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎರಡೂ ಕಡೆ ಅಲಗು ಇದೆ, ಹಿಡಿದುಕೊಳ್ಳಲು ಮಾತ್ರ ಆಗಲಿಲ್ಲವೋ ಮಾರಾಯರೆ?" ಎಂದರು.

ನಮಸ್ಕಾರ.