ಹಳೆಯ ಹರ್ಸ್ಟ್ ಶಿಫ್ಟರ್ ಕೂರಿಸುವ ಬಗೆ: ಕಾಲು ಇಂಚಿನ ಪಿನ್ನಿನ ಕಥೆ

[ದೃಶ್ಯ: ಕಾರಿನ ಒಳಗೆ ಕ್ಯಾಮೆರಾ. ಗೇರ್ ಲಿವರನ್ನು ಹಿಡಿದು ಅಲ್ಲಾಡಿಸುವ ಕೈ ಮಾತ್ರ ಕಾಣುತ್ತದೆ.]

ಇಲ್ಲಿ ನೋಡಿ. ಈ ಗೇರ್ ಲಿವರ್ ಈಗ ನ್ಯೂಟ್ರಲ್‌ನಲ್ಲಿದೆ. ಇದೆ ಎಂದು ನಾನು ಹೇಳುತ್ತಿದ್ದೇನೆ, ನೀವು ನಂಬಬೇಕು, ಅಷ್ಟೇ. ಅಂಬಲಿ ಪಾತ್ರೆಯಲ್ಲಿಟ್ಟ ಸೌಟಿನ ಹಾಗೆ ಎತ್ತ ತಳ್ಳಿದರೆ ಅತ್ತ ವಾಲುತ್ತದೆ. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹಾಕುವಾಗ ದೇವರ ಮೇಲೆ ಭಾರ ಹಾಕಿ ತಳ್ಳಬೇಕು. ಇದು 1966ರ ಶೆವ್ರೊಲೆ ಶೆವೆಲ್. ಮುಂದೆ 396 ಘನ ಇಂಚಿನ, ಎಂದರೆ ಸುಮಾರು ಆರೂವರೆ ಲೀಟರಿನ ವಿ8 ಎಂಜಿನ್ ಕುಳಿತಿದೆ. ಇಂಥ ಕುದುರೆಗೆ ಇಂಥ ಲಗಾಮು.

ನಮಸ್ಕಾರ. ಇವತ್ತು ಈ ಲಗಾಮನ್ನು ಕಿತ್ತು, ಆ ಜಾಗದಲ್ಲಿ ಅದೇ ಕಾಲದ ಒಂದು ಹಳೆಯ ಹರ್ಸ್ಟ್ ಕಾಂಪಿಟಿಷನ್ ಪ್ಲಸ್ ಶಿಫ್ಟರನ್ನು, ಎಂದರೆ ಗೇರ್ ಕೋಲು ಮತ್ತು ಅದರ ಬುಡದ ಪೆಟ್ಟಿಗೆಯನ್ನು, ಕೂರಿಸೋಣ.

ಅದಕ್ಕೆ ಮೊದಲು ಒಂದು ಹಳೆಯ ನೆನಪು. ನಾನು ಈಗಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಆದರೆ ಗೇರಿನ ಮೊದಲ ಪಾಠವಾದದ್ದು ಶಿರಾಡಿ ಘಾಟಿಯಲ್ಲಿ, ಬಾಡಿಗೆ ಅಂಬಾಸಡರ್ ಕಾರೊಂದರ ಹಿಂದಿನ ಸೀಟಿನಲ್ಲಿ. ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇದ್ದ ಕಾಲ. ತಿರುವಿನಲ್ಲಿ ಗೇರ್ ಸಿಕ್ಕಿಕೊಂಡಿತು. ಚಾಲಕರು ಗಾಬರಿಯಾಗಲಿಲ್ಲ. ಇಳಿದು ಬಾನೆಟ್ ಎತ್ತಿ, ಸ್ಟೀರಿಂಗ್ ಕಂಬದ ಬುಡದಲ್ಲಿದ್ದ ಎರಡು ಕಡ್ಡಿಗಳಲ್ಲಿ ಒಂದನ್ನು ಸ್ಪ್ಯಾನರಿನಿಂದ ಮೀಟಿದರು. ಟಕ್ ಎಂದಿತು. ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು ಮತ್ತೆ ಹೊರಟರು. ಕಡ್ಡಿಯ ತುದಿಯನ್ನು ತೂತಿನಲ್ಲಿ ಸಡಿಲವಾಗದಂತೆ ಹಿಡಿಯುವ ಪುಟ್ಟ ಬಳೆ, ಬುಷ್, ಸವೆದುಹೋಗಿದ್ದ ಜಾಗದಲ್ಲಿ ಸೈಕಲ್ ಟ್ಯೂಬಿನ ಚೂರು ಸುತ್ತಿತ್ತು. ಲಿವರ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ, ನಡುವೆ ಮಾತು ಮುಟ್ಟಿಸುವ ಕಡ್ಡಿಗಳು. ಕಡ್ಡಿ ಸುಳ್ಳು ಹೇಳಿದರೆ ಗೇರ್ ತಪ್ಪುತ್ತದೆ. ಈ ವಿಡಿಯೋದಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಆ ಕಡ್ಡಿಗಳ ವಿಷಯವೇ.

[ದೃಶ್ಯ: ಮೇಜಿನ ಮೇಲೆ ಎರಡು ಶಿಫ್ಟರುಗಳು ಅಕ್ಕಪಕ್ಕ.]

ಎಡಗಡೆಯದು ಕಾರಿನ ಜೊತೆ ಕಾರ್ಖಾನೆಯಿಂದಲೇ ಬಂದದ್ದು. ಬಲಗಡೆಯದು ಹರ್ಸ್ಟ್. ಜಾರ್ಜ್ ಹರ್ಸ್ಟ್ ಎಂಬಾತ ಪೆನ್ಸಿಲ್ವೇನಿಯಾದಲ್ಲಿ ಬಿಲ್ ಕ್ಯಾಂಬೆಲ್ ಜೊತೆ ಸೇರಿ 1950ರ ದಶಕದ ಕೊನೆಯಲ್ಲಿ ಶುರುಮಾಡಿದ ಕಂಪನಿ ಅದು. ಆಗ ಕಾರು ಕಂಪನಿಗಳು ಎಂಜಿನ್ನಿಗೆ ಧಾರಾಳವಾಗಿ ಖರ್ಚು ಮಾಡಿ ಶಿಫ್ಟರಿನಲ್ಲಿ ಕೈಬಿಗಿ ಹಿಡಿಯುತ್ತಿದ್ದವು. ಡ್ರ್ಯಾಗ್ ರೇಸಿನಲ್ಲಿ ಕಾಲು ಮೈಲಿಗೆ ಮೂರು ಸಲ ಗೇರ್ ಬದಲಿಸುವವನಿಗೆ ಆ ಉಳಿತಾಯ ತಕ್ಷಣ ತಿಳಿಯುತ್ತಿತ್ತು. ಹರ್ಸ್ಟ್ ಆ ಸಂದಿಗೆ ಕೈ ಹಾಕಿದ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಕಾರಿಗೆ ಕಂಪನಿಯವರೇ ಹರ್ಸ್ಟ್ ಶಿಫ್ಟರ್ ಹಾಕಿ, ಅದರ ಹೆಸರು ಹೇಳಿಯೇ ಕಾರನ್ನು ಮಾರಿದರು. ಹೊರಗಿನವನೊಬ್ಬ ಮಾಡಿದ ಗೇರ್ ಕೋಲು ಕಾರಿನ ಆಕರ್ಷಣೆಯಾಯಿತು! ಶೆವ್ರೊಲೆಗೆ ಈ ಬುದ್ಧಿ ಬಂದದ್ದು 1969ರಲ್ಲಿ. ಆ ವರ್ಷ ನಾಲ್ಕು ಗೇರಿನ ಕಮಾರೊ ಕಾರುಗಳಿಗೂ ಹರ್ಸ್ಟ್ ಬಂತು. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿನಿಂದ ಜನರನ್ನು ಬಿಡಿಸುವ ಹೈಡ್ರಾಲಿಕ್ ಇಕ್ಕಳ, ‘ಜಾಸ್ ಆಫ್ ಲೈಫ್’, ಅದರ ಹಿಂದೆಯೂ ಇದೇ ಹರ್ಸ್ಟ್ ಇದ್ದ ಎಂಬುದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಈಗ ಇವೆರಡರ ವ್ಯತ್ಯಾಸ ನೋಡಿ. ಹರ್ಸ್ಟಿನದು ದಪ್ಪ ಉಕ್ಕಿನ ಪೆಟ್ಟಿಗೆ. ಒಳಗೆ ಇಸ್ಪೀಟು ಎಲೆಗಳ ಹಾಗೆ ಸಾಲಾಗಿ ನಿಂತ ಮೂರು ಲಿವರುಗಳು: ಒಂದು-ಎರಡಕ್ಕೆ ಒಂದು, ಮೂರು-ನಾಲ್ಕಕ್ಕೆ ಒಂದು, ರಿವರ್ಸಿಗೆ ಒಂದು. ಕೋಲನ್ನು ಪಕ್ಕಕ್ಕೆ ಸರಿಸಿದರೆ ಯಾವ ಲಿವರ್ ಎಂಬ ಆಯ್ಕೆ, ಹಿಂದೆ ಮುಂದೆ ಮಾಡಿದರೆ ಗೇರ್. ಒಳಗಿನ ಸ್ಪ್ರಿಂಗ್ ಕೋಲನ್ನು ಸದಾ ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ನೀವು ಸುಮ್ಮನೆ ಮುಂದಕ್ಕೆ ತಳ್ಳಿದರೆ ಸಾಕು, ಪಕ್ಕಕ್ಕೆ ಸರಿಸುವ ಕೆಲಸ ಸ್ಪ್ರಿಂಗಿನದು. ಪೆಟ್ಟಿಗೆಯ ಹಿಂದೆ ಒಂದು, ಮುಂದೆ ಒಂದು ಬೋಲ್ಟ್ ಇವೆಯಲ್ಲ, ಅವು ಕೋಲಿನ ಓಟಕ್ಕೆ ಗಡಿ ಹಾಕುವ ತಡೆ ಬೋಲ್ಟುಗಳು. ಎಡಗಡೆಯ ಶಿಫ್ಟರಿನಲ್ಲಿ ಇವು ಇಲ್ಲ. ಈ ಬೋಲ್ಟುಗಳನ್ನು ನೆನಪಿನಲ್ಲಿಡಿ.

ಇನ್ನು ಖರೀದಿಯ ವಿಷಯ. ಹಳೆಯ ಹರ್ಸ್ಟ್ ಕೊಳ್ಳುವಾಗ ಶಿಫ್ಟರ್ ಬೇರೆ, ಅದನ್ನು ಕೂರಿಸುವ ಸೆಟ್ ಬೇರೆ. ಕಡ್ಡಿಗಳು, ಗೇರ್‌ಬಾಕ್ಸಿಗೆ ಹಾಕುವ ತೋಳುಗಳು, ತಗಡಿನ ಬ್ರಾಕೆಟ್ ಎಲ್ಲವೂ ಆ ಸೆಟ್ಟಿನಲ್ಲಿ ಇರುತ್ತವೆ. ಶಿಫ್ಟರ್ ಹಲವು ಕಾರುಗಳಿಗೆ ಹೊಂದುತ್ತದೆ, ಸೆಟ್ ಹೊಂದುವುದಿಲ್ಲ. ಕಾರು ಯಾವುದು, ಗೇರ್‌ಬಾಕ್ಸ್ ಯಾವುದು, ಯಾವ ವರ್ಷದ್ದು, ಮೂರೂ ಕೂಡಿಬರಬೇಕು. ಫೋರ್ಡಿನ ಟಾಪ್‌ಲೋಡರ್, ಕ್ರೈಸ್ಲರಿನ ಎ833, ಬೋರ್ಗ್‌ವಾರ್ನರ್ ಟಿ-10, ಇವೆಲ್ಲ ಬೇರೆ ಬೇರೆ ಗೇರ್‌ಬಾಕ್ಸುಗಳು, ಒಂದೊಂದರ ತೋಳುಗಳಿರುವ ಜಾಗ ಒಂದೊಂದು.

ನನ್ನದು ಮನ್ಸಿ. ಇಂಡಿಯಾನಾ ರಾಜ್ಯದ ಮನ್ಸಿ ಊರಿನಲ್ಲಿ 1963ರಿಂದ 1974ರವರೆಗೆ ತಯಾರಾದ ನಾಲ್ಕು ಗೇರಿನ ಅಲ್ಯೂಮಿನಿಯಂ ಬಾಕ್ಸ್. ಇದರಲ್ಲೇ ಎಂ20, ಎಂ21, ಎಂ22 ಎಂದು ಮೂರು ಬಗೆ. ಎಂ22ರ ಹಲ್ಲುಗಳ ಓರೆ ಕಡಿಮೆಯಾದ್ದರಿಂದ ಅದು ಓಡುವಾಗ ಊಳಿಡುತ್ತದೆ. ಅದಕ್ಕೆ ಅಮೆರಿಕನ್ನರು ಇಟ್ಟ ಅಡ್ಡಹೆಸರು ‘ರಾಕ್ ಕ್ರಷರ್’, ನಮ್ಮ ಜಲ್ಲಿ ಕ್ರಷರ್.

ನಾನು ಮೋಸಹೋದದ್ದು ಇಲ್ಲೇ. ಹಳೆಯ ಬಿಡಿಭಾಗಗಳ ಸಂತೆಯೊಂದರಲ್ಲಿ ಗ್ರೀಸ್ ಮೆತ್ತಿದ ಒಂದು ಸೆಟ್ ಸಿಕ್ಕಿತು. ‘ಮನ್ಸಿ ಎಲ್ಲವೂ ಒಂದೇ, ಧೈರ್ಯವಾಗಿ ತೆಗೆದುಕೊಂಡು ಹೋಗಿ’ ಎಂದರು ಮಾರುವವರು. ಮನೆಗೆ ತಂದು ನೋಡಿದರೆ ತೋಳು ಗೇರ್‌ಬಾಕ್ಸಿನಿಂದ ಹೊರಬಂದ ಶಾಫ್ಟಿನ ಮೇಲೆ ಕೂರುವುದೇ ಇಲ್ಲ.

[ದೃಶ್ಯ: ಎರಡು ತೋಳುಗಳು ಹತ್ತಿರದಿಂದ.]

1963ರಿಂದ 68ರವರೆಗಿನ ಮನ್ಸಿಯಲ್ಲಿ ಶಾಫ್ಟಿನ ತುದಿ ಸ್ಟಡ್ಡಿನ ಹಾಗೆ ಹೊರಗೆ ಚಾಚಿದೆ, ಅದಕ್ಕೆ ನಟ್ಟು ಬಿಗಿಯಬೇಕು. 1969ರಿಂದ ಶಾಫ್ಟಿನೊಳಗೆ ಎಳೆ (ಥ್ರೆಡ್) ಕೊರೆದ ತೂತು, ಅದಕ್ಕೆ ಬೋಲ್ಟು. ತೋಳಿನ ಕಂಡಿಯ ಆಕಾರವೂ ಬೇರೆ. ಅರ ಹಿಡಿದು ಉಜ್ಜಿ ಕೂರಿಸಲು ಹೋಗಬೇಡಿ. ಅಲ್ಲಿ ಕೂದಲೆಳೆಯಷ್ಟು ಸಂದಿ ಬಿದ್ದರೆ ಮೇಲೆ ಕೋಲಿನ ತುದಿಯಲ್ಲಿ ಅದು ಬೆರಳಗಲವಾಗುತ್ತದೆ. ನಾನು ಬೈದುಕೊಂಡು ಮತ್ತೆ ದುಡ್ಡು ಕೊಟ್ಟು ಸರಿಯಾದ ತೋಳು ತರಿಸಿದೆ.

ಕೊಂಡ ಶಿಫ್ಟರನ್ನು ಹಾಗೆಯೇ ಹಾಕಬೇಡಿ. ಐವತ್ತು ವರ್ಷದ ಗ್ರೀಸ್ ಒಳಗೆ ಅರಗಿನ ಹಾಗೆ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಿ. ಉಕ್ಕು ಸಾಮಾನ್ಯವಾಗಿ ಸವೆದಿರುವುದಿಲ್ಲ. ಸವೆದಿರುವುದು ಬುಷ್. ಅದನ್ನು ಯೋಚನೆ ಮಾಡದೆ ಬದಲಿಸಿ. ನೈಲಾನ್ ಬುಷ್ ಹಾಕಬೇಕೋ ಉಕ್ಕಿನದೋ ಎಂದು ಇಲ್ಲಿನವರು ಗಂಟೆಗಟ್ಟಲೆ ಜಗಳವಾಡುತ್ತಾರೆ. ರಸ್ತೆಯ ಕಾರಿಗೆ ನೈಲಾನೇ ಸಾಕು ಎನ್ನುವವನು ನಾನು. ಉಕ್ಕಿನದು ಬಿಗಿ ನಿಜ, ಆದರೆ ಎಣ್ಣೆ ಆರಿದ ಕೂಡಲೇ ಗಿಲಕಿಯ ಹಾಗೆ ಸದ್ದು ಮಾಡುತ್ತದೆ.

[ದೃಶ್ಯ: ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ. ಕ್ಯಾಮೆರಾ ಕೆಳಗೆ.]

ಕಾರನ್ನು ನಾಲ್ಕೂ ಕಡೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೇನೆ. ಬರೀ ಜಾಕನ್ನು ನಂಬಿ ಕೆಳಗೆ ಹೋಗಬೇಡಿ. ಈ ಕಾರಿನ ತೂಕ ಒಂದೂವರೆ ಟನ್ನಿಗೂ ಹೆಚ್ಚು. ಹಿಂದಿನ ಚಕ್ರಗಳು ನೆಲ ಬಿಟ್ಟಿರುವುದರಿಂದ ಇನ್ನೊಂದು ಲಾಭವಿದೆ, ಆಮೇಲೆ ಹೇಳುತ್ತೇನೆ.

ಹಳೆಯದನ್ನು ಬಿಚ್ಚುವುದರಲ್ಲಿ ವಿಶೇಷವೇನಿಲ್ಲ. ಒಳಗಡೆ ಕೋಲಿನ ತುದಿಯ ಗುಂಡು, ರಬ್ಬರ್ ಬೂಟು, ಕೋಲು. ಕೆಳಗಡೆ ಕ್ಲಿಪ್ಪು, ಕಡ್ಡಿ, ಬ್ರಾಕೆಟ್. ರಿವರ್ಸ್ ದೀಪದ ಸ್ವಿಚ್ಚಿನ ತಂತಿಯನ್ನು ಮಾತ್ರ ಎಳೆದು ಕೀಳಬೇಡಿ. ನಿಮ್ಮ ಕಾರು 1969 ಅಥವಾ ಆಮೇಲಿನ ಜನರಲ್ ಮೋಟರ್ಸ್ ಕಾರಾದರೆ ರಿವರ್ಸ್ ತೋಳಿನಿಂದ ಸ್ಟೀರಿಂಗ್ ಕಂಬಕ್ಕೆ ಇನ್ನೊಂದು ಕಡ್ಡಿ ಹೋಗಿರುತ್ತದೆ. ರಿವರ್ಸ್ ಹಾಕದೆ ಕೀಲಿ ಹೊರಗೆ ಬರಬಾರದೆಂಬ ಏರ್ಪಾಡು ಅದು. ಬಿಚ್ಚುವ ಮೊದಲು ಅದರ ಗತಿ ಏನೆಂದು ಯೋಚಿಸಿಕೊಳ್ಳಿ.

ಈಗ ಹೊಸ ಬ್ರಾಕೆಟ್ಟನ್ನು ಗೇರ್‌ಬಾಕ್ಸಿನ ಬಾಲದ ಭಾಗಕ್ಕೆ ಬಿಗಿದು, ಶಿಫ್ಟರನ್ನು ಅದಕ್ಕೆ ಕೂರಿಸಿದೆ. ಪಕ್ಕದ ಮುಚ್ಚಳದಲ್ಲಿ ಮುಂದಿನ ತೋಳು ಮೂರು-ನಾಲ್ಕಕ್ಕೆ, ಹಿಂದಿನದು ಒಂದು-ಎರಡಕ್ಕೆ. ರಿವರ್ಸಿನ ತೋಳು ಇನ್ನೂ ಹಿಂದೆ, ಬಾಲದ ಭಾಗದಲ್ಲೇ ಇದೆ. ಕಡ್ಡಿಗಳನ್ನು ಇನ್ನೂ ಜೋಡಿಸಿಲ್ಲ.

ಈಗ ಬಂತು ನೋಡಿ, ಈ ವಿಡಿಯೋ ಮಾಡಲು ಕಾರಣವಾದ ಕೆಲಸ.

[ದೃಶ್ಯ: ಬೆರಳುಗಳ ನಡುವೆ ಒಂದು ಪಿನ್.]

ಇದು ಕಾಲು ಇಂಚು ದಪ್ಪದ ಪಿನ್, ಎಂದರೆ 6.35 ಮಿಲಿಮೀಟರ್. ಪಿನ್ ಇಲ್ಲದಿದ್ದರೆ ಅದೇ ಅಳತೆಯ ಡ್ರಿಲ್ ಬಿಟ್ಟಿನ ನುಣುಪಾದ ತುದಿಯೂ ಆಗುತ್ತದೆ. ಶಿಫ್ಟರಿನ ಪೆಟ್ಟಿಗೆಯಲ್ಲೂ ಮೂರು ಲಿವರುಗಳಲ್ಲೂ ಇದೇ ಅಳತೆಯ ತೂತುಗಳಿವೆ. ಮೂರೂ ನ್ಯೂಟ್ರಲ್‌ನಲ್ಲಿದ್ದಾಗ ತೂತುಗಳೆಲ್ಲ ಒಂದೇ ನೇರಕ್ಕೆ ಬಂದು ಪಿನ್ ಈ ಕಡೆಯಿಂದ ಆ ಕಡೆಗೆ ತೂರುತ್ತದೆ. ತೂರಿಸಿದೆ. ಈಗ ಶಿಫ್ಟರ್ ಅಲ್ಲಾಡುವಂತಿಲ್ಲ.

ಮುಂದೆ ಗೇರ್‌ಬಾಕ್ಸಿನ ತೋಳುಗಳು. ಒಂದೊಂದನ್ನೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ. ಎರಡು ಕೊನೆಗಳಲ್ಲಿ ಗೇರು, ನಡುವೆ ಒಂದು ಸಣ್ಣ ಗುಂಡಿಗೆ ಇಳಿದ ಹಾಗೆ ಕೈಗೆ ತಿಳಿಯುತ್ತದೆ. ಅದೇ ನ್ಯೂಟ್ರಲ್. ಮೂರನ್ನೂ ಅಲ್ಲಿಗೆ ತನ್ನಿ.

ಕಡ್ಡಿಯ ಒಂದು ತುದಿಯಲ್ಲಿ ಎಳೆಗಳಿವೆ, ಅದರ ಮೇಲೆ ತಿರುಗುವ ಒಂದು ಪುಟ್ಟ ಗುಬುಟು. ಅದನ್ನು ತಿರುಗಿಸಿದಷ್ಟೂ ಕಡ್ಡಿ ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಈಗ ನೋಡಿ: ಮೂರು-ನಾಲ್ಕರ ಕಡ್ಡಿಯನ್ನು ಬುಷ್ಷಿನ ಎದುರು ಹಿಡಿದರೆ ಅರ್ಧ ತೂತು ತಪ್ಪಿದೆ. ನೂಕಿದರೆ ಹೋಗುತ್ತದೆ. ಆದರೆ ಹಾಗೆ ನೂಕಿದವರ ಕಾರೇ ಆಮೇಲೆ ಗೇರ್ ಬಿಡುವುದು. ಒಂದು ಸುತ್ತು. ಇನ್ನೂ ತುಸು. ಇನ್ನೊಂದು ಅರ್ಧ. ಈಗ ತಾನಾಗಿ ಜಾರಿ ಒಳಗೆ ಹೋಯಿತು, ಕ್ಯಾಮೆರಾಕ್ಕೆ ಸದ್ದೂ ಕೇಳಿಸಿರಲಿಕ್ಕಿಲ್ಲ. ಕ್ಲಿಪ್ ಹಾಕಿ. ಉಳಿದ ಎರಡಕ್ಕೂ ಇದೇ ರೀತಿ. ಕಡ್ಡಿ ಎಕ್ಸಾಸ್ಟ್ ಪೈಪಿಗೆ ಎಲ್ಲಾದರೂ ತಾಗುತ್ತದೆಯೇ ಎಂದು ಒಮ್ಮೆ ನೋಡಿ.

ಪಿನ್ ತೆಗೆದು ಕೋಲನ್ನು ನ್ಯೂಟ್ರಲ್‌ನಲ್ಲಿ ಎಡಕ್ಕೂ ಬಲಕ್ಕೂ ಸರಿಸಿ. ಬೆಣ್ಣೆಯಲ್ಲಿ ಓಡಿದ ಹಾಗೆ ಓಡಬೇಕು. ಎಲ್ಲಾದರೂ ಕಟ್ ಎಂದು ತಡೆದರೆ ಯಾವುದೋ ಒಂದು ಲಿವರ್ ಸಾಲು ತಪ್ಪಿ ನಿಂತಿದೆ ಎಂದರ್ಥ. ಶಿರಾಡಿ ಘಾಟಿಯ ಅಂಬಾಸಡರಿಗೆ ಇದ್ದದ್ದೂ ಇದೇ ರೋಗ: ಒಂದು ಸಾಲು ಪೂರ್ತಿ ನ್ಯೂಟ್ರಲ್ಲಿಗೆ ಬರುವ ಮೊದಲೇ ಕೋಲು ಇನ್ನೊಂದಕ್ಕೆ ದಾಟಿತ್ತು.

ಉಳಿದದ್ದು ತಡೆ ಬೋಲ್ಟುಗಳು. ಬಹಳ ಜನ ಇವನ್ನು ಮುಟ್ಟುವುದೇ ಇಲ್ಲ. ಗೇರ್ ಬಿದ್ದ ಮೇಲೂ ಕೈ ಇನ್ನಷ್ಟು ಒತ್ತುತ್ತದಲ್ಲ, ಆ ಒತ್ತಡವನ್ನು ಯಾರಾದರೂ ತಾಳಬೇಕು. ಬೋಲ್ಟು ತಾಳದಿದ್ದರೆ ಗೇರ್‌ಬಾಕ್ಸಿನ ಒಳಗೆ ಗೇರ್ ಸರಿಸುವ ಕವಲು, ಫೋರ್ಕ್, ತಾಳಬೇಕು. ಅದು ಬಾಗಿದ ದಿನ ಇಡೀ ಬಾಕ್ಸ್ ಇಳಿಸಬೇಕು. ಹಾಗೆಂದು ಬೋಲ್ಟನ್ನು ಅತಿಯಾಗಿ ಒಳಗೆ ಬಿಗಿದರೆ ಗೇರ್ ಪೂರ್ತಿ ಕೂರುವುದಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ತಾನೇ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ.

ಎರಡೂ ಬೋಲ್ಟುಗಳನ್ನು ಕೆಲವೇ ಎಳೆ ಉಳಿಯುವಷ್ಟು ಹೊರಗೆ ತಿರುಗಿಸಿ. ಕೋಲನ್ನು ಮೂರನೆಯ ಗೇರಿಗೆ ಗಟ್ಟಿಯಾಗಿ ತಳ್ಳಿ ಹಿಡಿಯಿರಿ. ಎಂಜಿನ್ ನಿಂತಿರುವುದರಿಂದ ಹಲ್ಲಿಗೆ ಹಲ್ಲು ಕೂಡದೆ ಹೋದರೆ ಹಿಂದಿನ ಚಕ್ರವನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ. ಚಕ್ರ ಎತ್ತಿದ್ದರ ಲಾಭ ಇದೇ. ಹಿಡಿದುಕೊಂಡೇ ಆ ಕಡೆಯ ಬೋಲ್ಟನ್ನು ತಾಗುವವರೆಗೆ ಒಳಗೆ ತಿರುಗಿಸಿ. ಕೋಲು ಬಿಡಿ. ಬೋಲ್ಟನ್ನು ಒಂದೇ ಒಂದು ಸುತ್ತು ಹಿಂದಕ್ಕೆ ತಂದು ಲಾಕ್ ನಟ್ ಬಿಗಿಯಿರಿ. ನಾಲ್ಕನೆಯ ಗೇರಿಗೂ ಹೀಗೆಯೇ. ಒಬ್ಬರೇ ಮಾಡುವುದು ಕಷ್ಟ. ನನಗೆ ಮೇಲೆ ಕುಳಿತು ಕೋಲು ಹಿಡಿದವಳು ಮಗಳು. ‘ಅಪ್ಪಾ, ಇನ್ನೂ ಎಷ್ಟು ಹೊತ್ತು?’ ಎಂಬ ದನಿ ನಿಮಗೂ ಕೇಳಿಸುತ್ತಿರಬಹುದು, ಅದನ್ನು ಕತ್ತರಿಸಿಲ್ಲ.

[ದೃಶ್ಯ: ರಸ್ತೆ. ಬಿಳಿ ಗುಂಡಿನ ಮೇಲೆ ಕೈ.]

ಒಂದು. ಎರಡು. ಈಗ ಮೂರು, ಬರೀ ಅಂಗೈಯಿಂದ ತಳ್ಳುತ್ತೇನೆ, ಬೆರಳು ಮಡಚುವುದಿಲ್ಲ. ಬಿತ್ತು. ನಾಲ್ಕು. ಇನ್ನೊಮ್ಮೆ ಮೂರಕ್ಕೆ ತಂದು ಆಕ್ಸಿಲರೇಟರ್ ಬಿಡುತ್ತೇನೆ. ನಿಂತಿದೆ, ಹಾರಲಿಲ್ಲ.

ನೂರು ಮೈಲಿ ಓಡಿಸಿದ ಮೇಲೆ ಮತ್ತೆ ಕೆಳಗೆ ಇಳಿದು ಪಿನ್ ತೂರಿಸಿ ನೋಡಿದೆ. ಹೊಸ ಬುಷ್ಷುಗಳು ಕೂತು ಒಂದು-ಎರಡರ ಕಡ್ಡಿ ಸ್ವಲ್ಪ ಬಿಗಿಯಾಗಿತ್ತು. ಅರ್ಧ ಸುತ್ತು ತಿರುಗಿಸಿದೆ. ಪಿನ್ ಈಗ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇರುತ್ತದೆ, ಕಾರಿನ ಕಾಗದಪತ್ರಗಳ ಜೊತೆ.