ಎಬೋಲಾ ಬಂದರೆ ಮೊದಲ ಮದ್ದು ನೀರು

[ದೃಶ್ಯ: ಜಗ್‌ನಲ್ಲಿ ಓಆರ್‌ಎಸ್ ಕಲಕುತ್ತಿರುವ ಕೈ]

ಎಬೋಲಾ ಎಂಬ ವೈರಸ್ ರೋಗದ ಹೆಸರು ಕೇಳಿದ ಕೂಡಲೇ ಕಣ್ಣು, ಮೂಗಿನಿಂದ ರಕ್ತ ಸುರಿಯುವ ಚಿತ್ರ ನೆನಪಾಗುತ್ತದೆ, ಅಲ್ವಾ? ರಕ್ತಸ್ರಾವ ಎಲ್ಲರಿಗೂ ಆಗುವುದಿಲ್ಲ. ಜಾಸ್ತಿ ಜನರನ್ನು ಹಾಸಿಗೆ ಹಿಡಿಸುವುದು ವಾಂತಿ, ಭೇದಿ. ಕೆಲವರ ಮೈಯಿಂದ ದಿನಕ್ಕೆ 5 ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಜೊತೆಗೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಬಿಪಿ ಇಳಿಯುತ್ತದೆ, ಕಿಡ್ನಿ ಕೈಕೊಡುತ್ತದೆ.

ಹಾಗಾಗಿ ಕುಡಿಯಲು ಆದರೆ ಓಆರ್‌ಎಸ್, ಆಗದಿದ್ದರೆ ಡ್ರಿಪ್. ರಕ್ತದಲ್ಲಿ ಸಕ್ಕರೆ, ಪೊಟ್ಯಾಸಿಯಂ ಎಷ್ಟಿದೆ ಎಂದು ಮತ್ತೆ ಮತ್ತೆ ನೋಡಬೇಕು. ಎಬೋಲಾ ಬರುವ ಆಫ್ರಿಕಾದ ಕಡೆ ಮಲೇರಿಯಾ ಕೂಡ ಜಾಸ್ತಿ, ಅದಕ್ಕೂ ಮಾತ್ರೆ. ಜ್ವರ, ನೋವಿಗೆ ಪ್ಯಾರಾಸಿಟಮಾಲ್. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ರಕ್ತ ಸೋರುವುದು ಹೆಚ್ಚಾಗಬಹುದು.

ಇಷ್ಟೇನಾ ಅನ್ನಿಸಬಹುದು. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಇಷ್ಟನ್ನು ಮಾಡುವುದೇ ದೊಡ್ಡ ಸಾಹಸವಾಗಿತ್ತು. ಮೈಪೂರ್ತಿ ಮುಚ್ಚುವ ಸೂಟಿನೊಳಗೆ ಸೆಕೆ ಎಷ್ಟೆಂದರೆ, ನರ್ಸ್ ಒಂದು ಗಂಟೆ ನಿಲ್ಲುವುದೇ ಕಷ್ಟ. ಅಷ್ಟರಲ್ಲಿ ಎಷ್ಟು ಹಾಸಿಗೆಗೆ ಡ್ರಿಪ್ ಹಾಕುತ್ತಾರೆ? ಆ ಹಾವಳಿಯಲ್ಲಿ 11,300ಕ್ಕೂ ಹೆಚ್ಚು ಜನ ಸತ್ತರು. ಅದೇ ಹೊತ್ತಿಗೆ ಅಮೆರಿಕ, ಯುರೋಪಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ 27 ಜನರಲ್ಲಿ ಸತ್ತವರು 5. ಅವರಲ್ಲಿ ಹಲವರಿಗೆ ಪ್ರಯೋಗದ ಔಷಧಿಯನ್ನೂ ಕೊಟ್ಟಿದ್ದರು, ನಿಜ. ಆದರೆ ಪಕ್ಕದಲ್ಲೇ ಲ್ಯಾಬ್, ಐಸಿಯು, ಸಾಕಷ್ಟು ನರ್ಸ್‌ಗಳು ಇದ್ದದ್ದನ್ನು ಮರೆಯಬಾರದು.

[ದೃಶ್ಯ: ಪಾರದರ್ಶಕ ಪ್ಲಾಸ್ಟಿಕ್ ಕೋಣೆ]

2018ರಲ್ಲಿ ಕಾಂಗೋದ ಬೆನಿಯಲ್ಲಿ ಈ ಕೋಣೆ ಬಂತು. ಗೋಡೆಗೇ ಗ್ಲೌಸ್ ಅಂಟಿದೆ. ಸೂಟ್ ಹಾಕದೆ ಹೊರಗಿನಿಂದಲೇ ಕೈ ಹಾಕಿ ರೋಗಿಯನ್ನು ನೋಡಿಕೊಳ್ಳಬಹುದು. ಮನೆಯವರಿಗೂ ಮುಖ ಕಾಣುತ್ತದೆ. ನನಗೆ ಔಷಧಿಗಿಂತ ಇದೇ ಇಷ್ಟವಾಯಿತು!

ಔಷಧಿಯ ಕಥೆಯೂ ಚೆನ್ನಾಗಿದೆ. 1995ರಲ್ಲಿ ಕಾಂಗೋದ ಕಿಕ್ವಿಟ್‌ನಲ್ಲಿ ಬದುಕುಳಿದ ಒಬ್ಬರ ರಕ್ತದಿಂದ, ವರ್ಷಗಳ ನಂತರ, ವೈರಸ್ಸನ್ನು ತಡೆಯುವ ಒಂದು ಆಂಟಿಬಾಡಿ ಸಿಕ್ಕಿತು. ಕಾಂಗೋದ ವಿಜ್ಞಾನಿ ಡಾ. ಮುಯೆಂಬೆ ಅದರ ಹಿಂದಿದ್ದವರಲ್ಲಿ ಒಬ್ಬರು. 2018-19ರಲ್ಲಿ ಕಾಂಗೋದಲ್ಲೇ ನಾಲ್ಕು ಔಷಧಿಗಳ ಪರೀಕ್ಷೆ ನಡೆಯಿತು. ಆ ಆಂಟಿಬಾಡಿಯಿಂದ ಮಾಡಿದ ಔಷಧಿ ಪಡೆದವರಲ್ಲಿ ಸತ್ತವರು ಸುಮಾರು 35%. ಇನ್ನೊಂದು ಆಂಟಿಬಾಡಿ ಔಷಧಿಯಲ್ಲಿ 34%ಕ್ಕೆ ಹತ್ತಿರ. ಉಳಿದೆರಡರಲ್ಲಿ ಅರ್ಧದಷ್ಟು ಜನ ಸತ್ತರು. ರಕ್ತದಲ್ಲಿ ವೈರಸ್ ಕಡಿಮೆ ಇರುವಾಗಲೇ ಈ ಎರಡು ಒಳ್ಳೆ ಔಷಧಿ ಪಡೆದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಉಳಿದರು. ಎರಡಕ್ಕೂ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ಇವು ಕೆಲಸ ಮಾಡುವುದು ಜೈರ್ ಎಂಬ ಬಗೆಯ ಎಬೋಲಾಗೆ ಮಾತ್ರ. 2022ರಲ್ಲಿ ಉಗಾಂಡಾಕ್ಕೆ ಬಂದದ್ದು ಸುಡಾನ್ ಬಗೆ. ಅದಕ್ಕೆ ಒಪ್ಪಿಗೆ ಪಡೆದ ಔಷಧಿ ಇರಲಿಲ್ಲ. ಕೆಲವರಿಗೆ ಪ್ರಯೋಗದ ಔಷಧಿ ಸಿಕ್ಕಿತು, ಉಳಿದಂತೆ ಮತ್ತೆ ಅದೇ ಓಆರ್‌ಎಸ್, ಅದೇ ಡ್ರಿಪ್. ರೋಗ ಖಚಿತವಾದ 142 ಜನರಲ್ಲಿ 87 ಜನ ಗುಣವಾಗಿ ಮನೆಗೆ ಹೋದರು.